‘ಹೇಳಿದರೆ ಮಾಡುತ್ತೇನೆ’: ಆರೈಕೆಯ ಹೊರೆ ಹೊತ್ತ ಸೊಸೆಯೊಬ್ಬರ ಪ್ರಕರಣ

ಮಧ್ಯ ಕರ್ನಾಟಕದ ಜಿಲ್ಲಾ ಕೇಂದ್ರವೊಂದರಲ್ಲಿ ವಾಸಿಸುವ 43 ವರ್ಷದ ಈ ಮಹಿಳೆಯನ್ನು ಇಲ್ಲಿ ಮಂಜುಳಾ ಎಂದು ಕರೆಯುತ್ತೇನೆ. ಹೆಸರನ್ನೂ ಗುರುತು ಹತ್ತಬಹುದಾದ ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ಸೊಂಟನೋವಿಗೂ ನಿದ್ದೆ ಬಾರದಿರುವುದಕ್ಕೂ ದೈಹಿಕ ಕಾರಣ ಸಿಗದೆ ವೈದ್ಯರು ಅವರನ್ನು ಆಪ್ತಸಮಾಲೋಚಕಿಯಾದ ನನ್ನ ಬಳಿಗೆ ಕಳುಹಿಸಿದ್ದರು. ಅವರು ಮೊದಲು ಹೇಳಿದ್ದು ಮಾತ್ರ ನೋವಿನ ಮಾತನ್ನಲ್ಲ. ಪಾರ್ಶ್ವವಾಯುವಾಗಿ 14 ತಿಂಗಳಿಂದ ಹಾಸಿಗೆ ಹಿಡಿದಿರುವ ಅತ್ತೆ, ಒಂದು ರಾತ್ರಿ ನಾಲ್ಕನೆಯ ಸಲ ತಮ್ಮ ಹೆಸರು ಹಿಡಿದು ಕರೆದಾಗ, “ಎಷ್ಟು ಸಲ ಏಳಿಸ್ತೀರಿ, ನಾನೂ ಮನುಷ್ಯಳಲ್ವಾ?” ಎಂದು ಕಿರುಚಿಬಿಟ್ಟಿದ್ದರು. ಅತ್ತೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರಂತೆ. ಅದನ್ನು ಹೇಳುವಾಗ ಮಂಜುಳಾ ತಮ್ಮ ಸೆರಗಿನ ತುದಿಯನ್ನು ಬಿಗಿಯಾಗಿ ಸುತ್ತಿ ಹಿಡಿದುಕೊಂಡಿದ್ದರು.

ಅವರು ಪತ್ತಿನ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತೆ. ಪತಿಗೆ ಮೋಟಾರ್ ವೈಂಡಿಂಗ್ ಅಂಗಡಿ. ಮಗ ದ್ವಿತೀಯ ಪಿಯುಸಿ, ಮಗಳು ಎಂಟನೆಯ ತರಗತಿ. ಮೈದುನ ಬೆಂಗಳೂರಿನಲ್ಲಿದ್ದಾರೆ, ನಾದಿನಿ ಒಂದು ಗಂಟೆಯ ಹಾದಿಯ ಊರಿನಲ್ಲಿ.

ಮೊದಲ ಭೇಟಿಯಲ್ಲಿ ನಾನು ಮಾಡಿದ ತಪ್ಪನ್ನು ದಾಖಲಿಸಬೇಕು. ನಿಧಾನ ಉಸಿರಾಟದ ಅಭ್ಯಾಸವನ್ನು ಕಲಿಸಿ, ದಿನಕ್ಕೆ 20 ನಿಮಿಷವನ್ನಾದರೂ ನಿಮಗಾಗಿ ಇಟ್ಟುಕೊಳ್ಳಿ ಎಂದು ಹೇಳಿ ಕಳುಹಿಸಿದೆ. ಮುಂದಿನ ವಾರ ಬಂದವರು ಯಾವ ವ್ಯಂಗ್ಯವೂ ಇಲ್ಲದೆ, “ಮೇಡಂ, ಆ ಇಪ್ಪತ್ತು ನಿಮಿಷ ಹೊಂದಿಸೋಕೆ ನಾಲ್ಕೂವರೆಗೇ ಎದ್ದೆ” ಎಂದರು. ಅವರ ಕೆಲಸಗಳ ಪಟ್ಟಿಗೆ ನಾನೂ ಒಂದನ್ನು ಸೇರಿಸಿದ್ದೆ. ಹೊರೆಯನ್ನು ಹೊತ್ತವರಿಗೇ ಹೊರುವ ಉಪಾಯ ಹೇಳಿಕೊಡುವುದು ನಮ್ಮ ವೃತ್ತಿಯ ಹಳೆಯ ಚಾಳಿ. ಹೊರೆಯ ಒಂದು ಪಾಲನ್ನು ಇಳಿಸಿಕೊಳ್ಳಬೇಕಾದವರನ್ನು ಕೋಣೆಯೊಳಗೆ ಕರೆಸುವುದು ಕಷ್ಟವಾದ್ದರಿಂದ ನಾವು ಸುಲಭದ ದಾರಿ ಹಿಡಿಯುತ್ತೇವೆ.

ಆ ದಿನವೇ ಆರೈಕೆದಾರರ ಒತ್ತಡವನ್ನು ಅಳೆಯುವ ಜ಼ಾರಿಟ್ ಪ್ರಶ್ನಾವಳಿಯ 22 ಪ್ರಶ್ನೆಗಳನ್ನು ಕನ್ನಡದಲ್ಲಿ ಓದಿ ಹೇಳಿ ಉತ್ತರ ಬರೆದುಕೊಂಡೆ. 88ಕ್ಕೆ 51 ಅಂಕ ಬಂತು, ಅಂದರೆ ಮಧ್ಯಮದಿಂದ ತೀವ್ರ ಮಟ್ಟದ ಹೊರೆ. ಸಾಯುವ ಯೋಚನೆ ಬಂದದ್ದುಂಟೇ ಎಂದು ನೇರವಾಗಿಯೇ ಕೇಳಿದೆ. “ಬೆಳಗ್ಗೆ ಎಚ್ಚರ ಆಗದಿದ್ರೆ ಸಾಕು ಅನ್ಸಿದ್ದುಂಟು, ಮಕ್ಕಳ ಮುಖ ನೋಡಿ ಸುಮ್ಮನಾಗ್ತೀನಿ” ಎಂದರು. ಜೀವ ತೆಗೆದುಕೊಳ್ಳುವ ಉದ್ದೇಶವಾಗಲಿ ಸಿದ್ಧತೆಯಾಗಲಿ ಇರಲಿಲ್ಲ. ಆದರೂ ವೈದ್ಯರಿಗೆ ಈ ವಿಷಯವನ್ನು ಅವರ ಒಪ್ಪಿಗೆಯ ಮೇಲೆ ತಿಳಿಸಿ, ಹೊತ್ತುಗೊತ್ತಿಲ್ಲದೆ ಕರೆ ಮಾಡಬಹುದಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆಯನ್ನು ಅವರ ಫೋನಿನಲ್ಲಿ ಉಳಿಸಿಕೊಟ್ಟೆ.

ಬಳಿಕ ಪತಿ ಪತ್ನಿ ಇಬ್ಬರಿಗೂ ಒಂದೊಂದು ನೋಟುಪುಸ್ತಕ ಕೊಟ್ಟು, ಏಳು ದಿನ ತಮ್ಮ ತಮ್ಮ ಸಮಯವನ್ನು ಬರೆದಿಡಲು ಕೇಳಿಕೊಂಡೆ. ಕಚೇರಿ ಮತ್ತು ಓಡಾಟವನ್ನು ಬಿಟ್ಟು, ಮಂಜುಳಾ ಅವರ ಮನೆಗೆಲಸ ದಿನಕ್ಕೆ ಸರಾಸರಿ 250 ನಿಮಿಷ, ಅತ್ತೆಯ ಮತ್ತು ಮಕ್ಕಳ ಆರೈಕೆ 205 ನಿಮಿಷ. ಪತಿಯದು ಕ್ರಮವಾಗಿ 20 ಮತ್ತು 35. ಇದು ಒಂದು ಮನೆಯ ವಿಚಿತ್ರವೇನಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಟ್ಟರೆ, ಅದರಲ್ಲಿ ತೊಡಗುವ ಪುರುಷರು ಕೊಡುವುದು 88 ನಿಮಿಷ. 2019ರ ಸಮೀಕ್ಷೆಯಲ್ಲಿ ಇವೇ ಅಂಕಿಗಳು 299 ಮತ್ತು 97 ಇದ್ದವು. ಐದು ವರ್ಷಗಳಲ್ಲಿ ಹೆಂಗಸರ ಪಾಲು 10 ನಿಮಿಷ ಇಳಿಯಿತೆಂದು ಸಮಾಧಾನಪಡುವ ಮೊದಲು, ಗಂಡಸರ ಪಾಲೂ 9 ನಿಮಿಷ ಇಳಿದಿರುವುದನ್ನು ನೋಡಬೇಕು. ಆ ಅಲ್ಪ ಬಿಡುವು ಅವರ ಕೈಯಿಂದ ಬಂದದ್ದಲ್ಲ.

ಪತಿ ಕೆಟ್ಟವರಲ್ಲ. ತಾಯಿಯ ಮೇಲೆ ಪ್ರಾಣವಿಟ್ಟುಕೊಂಡವರು, ಹೆಂಡತಿ ಸೊರಗಿದ್ದನ್ನು ಕಂಡು ನಿಜವಾಗಿಯೂ ನೊಂದವರು. “ಏನು ಬೇಕೋ ಹೇಳಿದರೆ ಮಾಡ್ತೀನಿ ಮೇಡಂ, ಇವಳು ಹೇಳೋದೇ ಇಲ್ಲ” ಎಂದು ಅವರು ದೂರಿದಾಗ, ಪ್ರಕರಣದ ಗಂಟು ಆ ಮಾತಿನಲ್ಲೇ ಇದೆ ಎಂದು ನನಗನ್ನಿಸಿತು. ಏನು ಮುಗಿಯುತ್ತಿದೆ, ಯಾವಾಗ ತರಬೇಕು, ಯಾರನ್ನು ಕೇಳಬೇಕು ಎಂಬ ಲೆಕ್ಕವೆಲ್ಲ ಮಂಜುಳಾ ಅವರ ತಲೆಯಲ್ಲೇ ಉಳಿದು, ಅಂಗಡಿಗೆ ಹೋಗಿ ಬರುವುದಷ್ಟೇ ಪತಿಯದಾದರೆ, ಅದಕ್ಕೆ ಸಹಾಯವೆನ್ನಬಹುದೇ ಹೊರತು ಹಂಚಿಕೆಯೆನ್ನಲಾಗದು. “ನಿಮ್ಮ ಅಂಗಡಿಯ ಹುಡುಗ ಪ್ರತಿ ಮೋಟಾರಿಗೂ ಏನು ಮಾಡಲಿ ಅಣ್ಣ ಎಂದು ಕೇಳುತ್ತಿದ್ದರೆ ಅದನ್ನು ಕೆಲಸ ಕಲಿತದ್ದು ಎನ್ನುತ್ತೀರಾ?” ಎಂದು ಕೇಳಿದೆ. ಅವರು ನಕ್ಕರು, ಆಮೇಲೆ ಸುಮ್ಮನಾದರು.

ಆದ್ದರಿಂದ ಕೊಟ್ಟ ಸಲಹೆಯ ಮುಖ್ಯ ಭಾಗ ಇದು: ಬಿಡಿ ಬಿಡಿ ಕೆಲಸಗಳನ್ನು ಹಂಚುವುದು ಬೇಡ, ಇಡೀ ಹೊಣೆಗಳನ್ನೇ ವರ್ಗಾಯಿಸಬೇಕು. ತಾಯಿಯ ಔಷಧಿ, ಡೈಪರ್ ಮತ್ತು ಹಾಸಿಗೆಯ ಸಾಮಾನು, ಫಿಸಿಯೋಥೆರಪಿ, ರಾತ್ರಿ ಎದ್ದು ಮಗ್ಗುಲು ಬದಲಿಸುವುದು, ರಾತ್ರಿಯ ಅಡುಗೆ, ಇಷ್ಟೂ ನೆನಪಿಡುವುದರಿಂದ ಹಿಡಿದು ಮುಗಿಸುವವರೆಗೆ ಪತಿಯದು. ಮಂಜುಳಾ ಅವರಿಗೆ ಒಂದು ತಿಂಗಳು ನೆನಪಿಸುವ ಹಕ್ಕಿಲ್ಲ. ಔಷಧಿಯಲ್ಲಿ ಮಾತ್ರ ಈ ಪ್ರಯೋಗ ಸಲ್ಲದೆಂದು ಎಚ್ಚರಿಸಿ, ವಾರದ ಮಾತ್ರೆಗಳ ಡಬ್ಬಿಯನ್ನು ಎಲ್ಲರ ಕಣ್ಣಿಗೆ ಬೀಳುವಂತಿಟ್ಟು, ಮೊದಲ ಎರಡು ವಾರ ಇಬ್ಬರೂ ನೋಡಬೇಕೆಂದು ಗೊತ್ತುಮಾಡಿದೆವು. ಡೈಪರ್ ಎರಡನೆಯ ಭಾನುವಾರದ ರಾತ್ರಿ ಮುಗಿಯಿತು. ಪತಿ ಹಳೆಯ ಪಂಚೆಯೊಂದನ್ನು ಹರಿದು ಮಡಿಸಿ ಬೆಳಗು ಮಾಡಿದರು. “ಗುರುವಾರವೇ ನನಗೆ ಗೊತ್ತಿತ್ತು, ನಾಲಿಗೆ ಕಚ್ಚಿಕೊಂಡು ಕೂತಿದ್ದೆ” ಎಂದು ಮಂಜುಳಾ ಹೇಳಿದರು. ಡೈಪರ್ ಅದಾದ ಮೇಲೆ ಮುಗಿದಿಲ್ಲ.

ಸ್ನಾನ ಮಾಡಿಸುವ, ಬಟ್ಟೆ ಬದಲಿಸುವ ವಿಷಯದಲ್ಲಿ ಎಲ್ಲರೂ ಮಾತಾಡಿದ್ದರು, ಅತ್ತೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ಮಾತು ತೊದಲುತ್ತದೆಯೇ ಹೊರತು ಅವರ ತಿಳಿವಳಿಕೆಗೆ ಕುಂದಿಲ್ಲವಾದ್ದರಿಂದ ಮನೆಗೆ ಹೋಗಿ ಕೇಳಿದೆ. “ಮಗನ ಕೈಲಿ ಬಟ್ಟೆ ಬಿಚ್ಚಿಸಿಕೊಳ್ಳೋದು ಹೆಂಗವ್ವಾ? ಉಣ್ಣಿಸಲಿ, ಎತ್ತಿ ಕೂರಿಸಲಿ, ಅದಕ್ಕೇನು” ಎಂದರು. ಸಮಾನ ಹಂಚಿಕೆಯ ಹೆಸರಿನಲ್ಲಿ ಒಬ್ಬ ವೃದ್ಧೆಯ ಸಂಕೋಚವನ್ನು ತುಳಿಯುವುದು ಸರಿಯಲ್ಲ. ಬೆಳಗ್ಗೆ ಎರಡು ಗಂಟೆ ಬಂದು ಸ್ನಾನ ಮಾಡಿಸಿ ಬಟ್ಟೆ ಬದಲಿಸಲು ಪರಿಚಯದ ಹೆಂಗಸೊಬ್ಬರನ್ನು ತಿಂಗಳಿಗೆ 4,500 ರೂಪಾಯಿಗೆ ಗೊತ್ತುಮಾಡಲಾಯಿತು. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಅತ್ತೆಯೇ ಆಗಿದ್ದುದರಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಅವರ ಖಾತೆಗೆ ಬರುತ್ತಿತ್ತು. ಅದನ್ನು ಇದಕ್ಕೇ ಕೊಡಲು ಅವರೇ ಮುಂದಾದರು. ಉಳಿದದ್ದು ಇಬ್ಬರು ಗಂಡುಮಕ್ಕಳ ಪಾಲಿಗೆ ಬಂತು.

ಮೈದುನ ಫೋನಿನಲ್ಲಿ, “ಇದೆಲ್ಲ ಸೊಸೆಯ ಕರ್ತವ್ಯ ಅಲ್ವಾ?” ಎಂದರು. ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆಗಾಗಿ 2007ರಲ್ಲಿ ಬಂದ ಕಾಯ್ದೆಯು ‘ಮಕ್ಕಳು’ ಎಂಬ ಪದವನ್ನು ವಿವರಿಸುವಾಗ ಮಗ, ಮಗಳು, ಮೊಮ್ಮಗ, ಮೊಮ್ಮಗಳನ್ನು ಹೆಸರಿಸುತ್ತದೆ, ಸೊಸೆಯನ್ನಲ್ಲ ಎಂದು ತಿಳಿಸಿದೆ. ಕಾನೂನಿನಿಂದ ಮನಸ್ಸು ಬದಲಾಗದು, ಆದರೆ ಆ ವಾದ ಅಲ್ಲಿಗೆ ನಿಂತಿತು. ನಾದಿನಿ ಎರಡು ತಿಂಗಳಿಗೊಮ್ಮೆ ಒಂದು ವಾರ ಬಂದಿರಲು ಒಪ್ಪಿದರು. ಇನ್ನು, 13 ವರ್ಷದ ಮಗಳು ಪಾತ್ರೆ ತೊಳೆಯುವಾಗ 17 ವರ್ಷದ ಮಗನಿಗೆ ಓದಿನ ನೆಪದಲ್ಲಿ ಏಕೆ ವಿನಾಯಿತಿ ಎಂದು ನಾನು ಕೇಳಿದಾಗ ಉತ್ತರಿಸಲು ತಡವರಿಸಿದವರು ಮಂಜುಳಾ ಅವರೇ.

“ಸೊಸೆ ಅಂದ್ರೆ ಹಿಂಗಿರಬೇಕು” ಎಂಬ ನೆರೆಹೊರೆಯವರ ಹೊಗಳಿಕೆಯನ್ನು ಬಿಟ್ಟುಕೊಡುವುದು ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಅದು ಅವರಿಗೆ ಸಿಗುತ್ತಿದ್ದ ಏಕೈಕ ಕೂಲಿಯಾಗಿತ್ತು. ಗಂಡ ಅಡುಗೆಮನೆಯಲ್ಲಿ ನಿಂತದ್ದನ್ನು ಕಂಡ ಬಂಧುವೊಬ್ಬರು ಕೊಂಕು ನುಡಿದ ದಿನ, ಸೌಟನ್ನು ಅವರ ಕೈಯಿಂದ ಕಿತ್ತುಕೊಂಡದ್ದು ತಾನೇ ಎಂದು ಒಪ್ಪಿಕೊಂಡರು. ಮೂರು ಭೇಟಿಗಳು ಇದೊಂದರ ಮಾತಿನಲ್ಲೇ ಕಳೆದವು.

ನಾಲ್ಕು ತಿಂಗಳ ನಂತರ ಪ್ರಶ್ನಾವಳಿಯ ಅಂಕ 33ಕ್ಕೆ ಇಳಿದಿದೆ. ಮೈದುನರ ಹಣ ಮೂರನೆಯ ತಿಂಗಳಿಗೇ ತಪ್ಪಿತು. ಅದನ್ನು ಕೇಳುವ ಹೊಣೆಯೂ ಪತಿಯದೇ ಎಂದು ತೀರ್ಮಾನವಾಗಿದೆ. ಸೊಂಟನೋವು ಪೂರ್ತಿ ಹೋಗಿಲ್ಲ. ಕಳೆದ ಭೇಟಿಯಲ್ಲಿ ಮಂಜುಳಾ, ಅತ್ತೆ ಈಗ ರಾತ್ರಿ ಮಗನ ಹೆಸರು ಹಿಡಿದು ಕರೆಯುತ್ತಾರೆ ಎಂದರು. ಸ್ವಲ್ಪ ತಡೆದು, “ಆದರೂ ಮೊದಲು ಎಚ್ಚರ ಆಗೋದು ನನಗೇ” ಎಂದರು. ಸದ್ಯಕ್ಕೆ ಮಗಳ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ಮಲಗಲು ಸೂಚಿಸಿದ್ದೇನೆ.