ಪಂಪಿನ ರ‍್ಯಾಕ್‌ಗೆ ಸುತ್ತಿಗೆ ಬೇಡ
ಚಳ್ಳಕೆರೆ ಅಣ್ಣಾರೇ, ವರ್ಷಗಟ್ಟಲೆ ಶೆಡ್ಡಲ್ಲಿ ನಿಂತ ಟ್ರ್ಯಾಕ್ಟರಿನ ಡೀಸೆಲ್ ಪಂಪ್ ರ‍್ಯಾಕ್ (ಪ್ಲಂಜರ್‌ಗಳನ್ನ ತಿರುಗಿಸಿ ಡೀಸೆಲ್ ಹೆಚ್ಚು-ಕಡಿಮೆ ಮಾಡೋ ಸರಳು) ಅಲ್ಲಾಡ್ತಿಲ್ಲ, ಸುತ್ತಿಗೇಲಿ ಬಡೀಲಾ ಅಂದಿದ್ದೀರಿ. ಖಂಡಿತ ಬೇಡ. ಡೀಸೆಲ್ ತಳ್ಳೋ ಪ್ಲಂಜರ್‌ಗೂ ಅದು ಆಡೋ ಕೊಳವೆ ಬ್ಯಾರೆಲ್‌ಗೂ ನಡುವಿನ ಸಂದು ಮೈಕ್ರಾನ್ ಲೆಕ್ಕದ್ದು. ಹಳೇ ಡೀಸೆಲ್ ಅಂಟಾಗಿರುತ್ತೆ, ಇಲ್ಲಾ ನೀರಿಳಿದು ತುಕ್ಕು ಹಿಡಿದಿರುತ್ತೆ.

ಇನ್‌ಲೈನ್ (ಪ್ಲಂಜರ್‌ಗಳು ಸಾಲಾಗಿರೋ) ಪಂಪಾದ್ರೆ ಪಕ್ಕದ ಮುಚ್ಚಳ ಬಿಚ್ಚಿ, ಹೊಸ ಡೀಸೆಲ್ಲಿಗೆ ಚೂರು ಎಂಜಿನ್ ಆಯಿಲ್ ಬೆರೆಸಿ ಒಳಗೆ ಸುರಿದು ರಾತ್ರಿಯಿಡೀ ಬಿಡಿ. (ಸೀಮೆಎಣ್ಣೆ ಇನ್ನೂ ಒಳ್ಳೇದು, ಆದ್ರೆ ಈಗೆಲ್ಲಿ ಸಿಗುತ್ತೆ!) ಬೆಳಿಗ್ಗೆ ಎಂಜಿನ್ ಕೈಯಲ್ಲೇ ತಿರುಗಿಸ್ತಾ ನೋಡಿ: ಮೇಲೆ ಹೋದ ಪ್ಲಂಜರ್ ಯಾವುದು ಸ್ಪ್ರಿಂಗ್ ತಳ್ಳಿದ್ರೂ ಕೆಳಗಿಳಿಯಲ್ವೋ ರ‍್ಯಾಕನ್ನ ಹಿಡಿದಿಟ್ಟಿರೋ ಕಳ್ಳ ಅದೇ. ಸ್ಕ್ರೂಡ್ರೈವರ್ ತುದೀಲಿ ಮೆಲ್ಲಗೆ ಮೀಟಿ ಇಳಿಸಿ.

ರ‍್ಯಾಕ್ ಸರಾಗ ಆಡೋವರೆಗೂ ಸೆಲ್ಫ್ ಹೊಡೀಬೇಡಿ. ಫುಲ್ ಡೀಸೆಲ್ ಕಡೆ ಸಿಕ್ಕಿಕೊಂಡಿದ್ರೆ ಎಂಜಿನ್ ರೊಯ್ಯನೆ ಏರುತ್ತೆ, ಸ್ಟಾಪ್ ಎಳೆದ್ರೂ ನಿಲ್ಲಲ್ಲ. ಬಿಡಲೇ ಇಲ್ವಾ, ಟೈಮಿಂಗ್ ಗುರುತು ಹಾಕಿ ಪಂಪ್ ಇಳಿಸಿ, ದಾವಣಗೆರೆಗೆ ಕ್ಯಾಲಿಬ್ರೇಶನ್‌ಗೆ (ಡೀಸೆಲ್ ಅಳತೆ ಸರಿಮಾಡಿಸೋಕೆ) ಒಯ್ಯಿರಿ.