ಹೊಟ್ಟೆಪಾಡೊಂದೇ ಕಾರಣವಲ್ಲ: ಸಾಗರದ ಲೇಖಕರಿಗೆ ಉತ್ತರ

ನಮಸ್ಕಾರ. ಹೊಟ್ಟೆಪಾಡಿಗಾಗಿಯೇ ಯುವಕರು ಪರದೇಶದ ಉಗ್ರ ಸಂಘಟನೆಗಳನ್ನು ಸೇರುತ್ತಾರೆ ಎಂಬ ನಿಮ್ಮ ಲೇಖನ ಓದಿದೆವು. ಈಗಿರುವಂತೆ ಅಚ್ಚು ಹಾಕಲಾಗದು. ವಿಷಯ ಬಿಡಬೇಡಿ, ವಾದ ತಿದ್ದಿ.

ದೊಡ್ಡ ತೊಡಕೆಂದರೆ, ತಮ್ಮ ಸೀಮೆಯಲ್ಲೇ ಇರುವ ಗುಂಪಿಗೆ ಸೇರುವವರನ್ನೂ ಗಡಿ ದಾಟಿ ಹೋಗುವವರನ್ನೂ ಒಂದೇ ಗೋಣಿಗೆ ತುಂಬಿದ್ದೀರಿ. ಆಫ್ರಿಕಾದಲ್ಲಿ ನಿಮ್ಮ ಮಾತು ಒಂದು ಮಟ್ಟಿಗೆ ನಿಲ್ಲುತ್ತದೆ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ 2023ರ ಅಧ್ಯಯನದಲ್ಲಿ, ತಾವಾಗಿ ಸೇರಿದವರಲ್ಲಿ ನಾಲ್ವರಲ್ಲೊಬ್ಬರು ಕೆಲಸವಿಲ್ಲದ್ದೇ ಮುಖ್ಯ ಕಾರಣವೆಂದರು. ಆದರೆ ಅದೇ ಸಂಸ್ಥೆಯ 2017ರ ವರದಿಯಲ್ಲಿ ಶೇ. 71 ಮಂದಿ, ಮನೆಯವರ ಇಲ್ಲವೇ ಗೆಳೆಯರ ಹತ್ಯೆ, ಬಂಧನದಂಥ ಸರ್ಕಾರದ ನಡೆಯೇ ಕೊನೆಗೆ ತಮ್ಮನ್ನು ತಳ್ಳಿತು ಎಂದಿದ್ದರು. ಎರಡನ್ನೂ ಕೊಡಿ.

ಐಸಿಸ್ ಎಂಬ ಉಗ್ರ ಸಂಘಟನೆ ಸೇರಲು ಸಿರಿಯಾಕ್ಕೆ ಹೋದವರ ಲೆಕ್ಕ ಬೇರೆ. ಪಾಸ್‌ಪೋರ್ಟ್, ಟರ್ಕಿಯವರೆಗೆ ಟಿಕೆಟ್, ದಾರಿಖರ್ಚು: ಕಡುಬಡವರ ಕೈಗೆ ಇದು ಎಟುಕುವುದು ಕಷ್ಟ. ಐಸಿಸ್‌ನಿಂದ ಸೋರಿಕೆಯಾದ ಭರ್ತಿ ಫಾರಂಗಳಲ್ಲಿ 3,803 ವಿದೇಶಿಯರ ವಿವರ ಜಾಲಾಡಿದ ವಿಶ್ವ ಬ್ಯಾಂಕ್, ಅವರಲ್ಲಿ ಶೇ. 69 ಮಂದಿ ಕನಿಷ್ಠ ಪ್ರೌಢಶಿಕ್ಷಣ ಪಡೆದವರೆಂದು 2016ರಲ್ಲಿ ಹೇಳಿತು. ಅನಕ್ಷರಸ್ಥರು ಶೇ. 2ಕ್ಕಿಂತ ಕಡಿಮೆ. ಹೋದವರ ಸಂಖ್ಯೆಗೆ ತಾಳೆಯಾದದ್ದು ಅವರ ತವರು ದೇಶದಲ್ಲಿ ಅವರಷ್ಟೇ ಓದಿದ ಗಂಡಸರ ನಿರುದ್ಯೋಗ. ನಿಮ್ಮ ಲೇಖನ ಕಟ್ಟಬೇಕಾದ್ದು ಇದರ ಮೇಲೆ. ಅದೇ ವರ್ಷ ಅರ್ಥಶಾಸ್ತ್ರಜ್ಞರಾದ ಬೆನ್‌ಮೆಲೆಕ್ ಮತ್ತು ಕ್ಲೋರ್ ದೇಶದೇಶಗಳನ್ನು ಹೋಲಿಸಿ, ಬಡತನ ಕಾರಣವಲ್ಲವೆಂದರು. ದೇಶದ ಸರಾಸರಿ ಆದಾಯ ಬೇರೆ, ಪದವಿ ಹಿಡಿದು ಅಲೆಯುವವನ ಪಾಡು ಬೇರೆ. ಇದನ್ನು ಬಿಡಿಸಿ ಬರೆಯಿರಿ.

ಬರಿಯ ತಲೆಎಣಿಕೆ ಸಾಲದು, ಜನಸಂಖ್ಯೆಯಿಂದ ಭಾಗಿಸಿ. ಭದ್ರತಾ ಸಲಹಾ ಸಂಸ್ಥೆ ಸೂಫಾನ್ ಗ್ರೂಪ್‌ನ 2015ರ ಅಂದಾಜಿನಂತೆ ಟ್ಯುನೀಷಿಯಾದಿಂದ ಸುಮಾರು 6,000 ಮಂದಿ ಹೋಗಿದ್ದರು. ಅಲ್ಲಿನ ಜನಸಂಖ್ಯೆ ಸುಮಾರು 1.1 ಕೋಟಿ, ಅಂದರೆ ಲಕ್ಷಕ್ಕೆ ಐವತ್ತಕ್ಕೂ ಮಿಕ್ಕಿ. ಅದೂ ಎಲ್ಲ ಊರುಗಳಿಂದ ಒಂದೇ ಸಮನಲ್ಲ, ಬೆನ್ ಗಾರ್ದಾನ್ ಪಟ್ಟಣದಂಥ ಕಡೆಗಳಿಂದ ಗುಂಪುಗುಂಪಾಗಿ. ಮೊದಲು ಹೋದ ಗೆಳೆಯ, ನೆಂಟ ಕರೆದೊಯ್ಯುವ ಈ ಕೊಂಡಿ ನಿಮ್ಮಲ್ಲಿ ಇಲ್ಲವೇ ಇಲ್ಲ.

ಭದ್ರಾವತಿಯ ಕಾಗದ ಕಾರ್ಖಾನೆ, ಅಡಿಕೆಯ ಎಲೆಚುಕ್ಕಿ ರೋಗದ ಪುಟಗಳು ಚೆನ್ನಾಗಿವೆ. ಆದರೆ ಅವು ನಿಮ್ಮ ವಾದವನ್ನೇ ಮುರಿಯುತ್ತವೆ: ಕೆಲಸ ಹೋದ ಮನೆಗಳ ಮಕ್ಕಳು ಹತ್ತಿದ್ದು ಬೆಂಗಳೂರಿನ ಬಸ್ಸು. ಅವನ್ನು ಪ್ರತಿವಾದಕ್ಕೆ ಇಟ್ಟುಕೊಳ್ಳಿ.

ಕೊನೆಯ ಪ್ಯಾರಾದಲ್ಲಿ ಶಿವಮೊಗ್ಗದ ಒಂದು ಕೇರಿಯನ್ನೇ ಬೊಟ್ಟುಮಾಡಿ ತೋರಿಸಿದ್ದೀರಿ, ಆಧಾರ ಕೊಟ್ಟಿಲ್ಲ. ಅದನ್ನು ಪೂರ್ತಿ ತೆಗೆಯಿರಿ. ಆ ಕೇರಿಯಲ್ಲೂ ಕೆಲಸ ಹುಡುಕುತ್ತಿರುವ ಓದುಗರಿದ್ದಾರೆ.