ನಮ್ಮ ಪ್ರಚಾರ ನಾವೇ ನೋಡಿಕೊಳ್ಳುವಾಗ ಗುರಿ ಹೇಗಿರಬೇಕು?

ನೀವು ಕೇಳಿರುವುದು ಎರಡು ಪ್ರಶ್ನೆ. ಸಣ್ಣ ಉದ್ಯಮ, ಪಿಆರ್ (ಸಾರ್ವಜನಿಕ ಸಂಪರ್ಕ) ಏಜೆನ್ಸಿ ಇಟ್ಟುಕೊಳ್ಳುವಷ್ಟು ದುಡ್ಡಿಲ್ಲ, ಪ್ರಚಾರ ನೀವೇ ಮಾಡಿಕೊಳ್ಳಬೇಕು, ಆದರೆ ನಿಮ್ಮ ತುತ್ತೂರಿ ನೀವೇ ಊದಿಕೊಳ್ಳೋಕೆ ಮುಜುಗರ. ಇದು ಒಂದು. ‘ಮೂರು ತಿಂಗಳಲ್ಲಿ ಒಂದು ದೊಡ್ಡ ಪತ್ರಿಕೆಯಲ್ಲಿ ಬರಬೇಕು’ ಅನ್ನುವ ಗುರಿ ಸರಿನಾ, ಇದು ಇನ್ನೊಂದು. ನಾನು ಮೊದಲು ಪತ್ರಿಕೆಯೊಂದರ ಸಂಪಾದಕೀಯ ಡೆಸ್ಕ್‌ನಲ್ಲಿದ್ದೆ, ಈಗ ನನ್ನದೇ ಸಣ್ಣ ಬಿಸಿನೆಸ್ ಇದೆ. ಅಂದರೆ ‘ನಮ್ಮ ಸುದ್ದಿ ಹಾಕಿ’ ಅಂತ ಪತ್ರಿಕೆಗೆ ಬರುವ ಮೇಲ್‌ಗಳನ್ನು ಓದಿಯೂ ಗೊತ್ತು, ಕಳಿಸಿಯೂ ಗೊತ್ತು.

ಎರಡನೆಯದನ್ನು ಮೊದಲು ನೋಡೋಣ. ಆ ಗುರಿ ನಿಮ್ಮ ಕೈಯಲ್ಲೇ ಇಲ್ಲ. ವರದಿಗಾರರಿಗೆ ಇಷ್ಟವಾಗಬೇಕು, ಅವರ ಮೇಲಿನವರು ಒಪ್ಪಬೇಕು, ಪುಟದಲ್ಲಿ ಜಾಗ ಇರಬೇಕು. ಮಧ್ಯಾಹ್ನ ಓಕೆ ಆದ ಲೇಖನ, ಸಂಜೆ ಯಾವುದೋ ದೊಡ್ಡ ಸುದ್ದಿ ಬಂತು ಅಂತ ಪುಟದಿಂದ ಬಿದ್ದುಹೋಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಮಾಸಪತ್ರಿಕೆಗಳಂತೂ ಸಂಚಿಕೆಯಲ್ಲಿ ಏನಿರಬೇಕು ಅಂತ ತಿಂಗಳುಗಟ್ಟಲೆ ಮೊದಲೇ ತೀರ್ಮಾನ ಮಾಡಿರುತ್ತವೆ. ನಿಮ್ಮ ಗಡುವು ಅವರಿಗೆ ಹೇಗೆ ಗೊತ್ತಾಗಬೇಕು?

ಹಾಗಂತ ‘ಕೈಲಾದಷ್ಟು ಮಾಡೋಣ’ ಅಂತ ಬಿಟ್ಟರೂ ಕೆಲಸ ಆಗುವುದಿಲ್ಲ. ಮನಶ್ಶಾಸ್ತ್ರಜ್ಞ ಎಡ್ವಿನ್ ಲಾಕ್ 1968ರಲ್ಲೇ ತೋರಿಸಿದ ವಿಷಯ ಇದು: ‘ಕೈಲಾದಷ್ಟು’ ಅನ್ನುವುದಕ್ಕಿಂತ ಸ್ಪಷ್ಟವಾದ, ಸ್ವಲ್ಪ ಕಷ್ಟದ ಗುರಿ ಇದ್ದಾಗ ಜನ ಜಾಸ್ತಿ ಸಾಧಿಸುತ್ತಾರೆ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಅದರ ಮುಂದಿನ ಭಾಗ ಹೇಳುವವರು ಕಡಿಮೆ. ಇನ್ನೊಬ್ಬ ಮನಶ್ಶಾಸ್ತ್ರಜ್ಞ ಗ್ಯಾರಿ ಲೇಥಮ್ ಮತ್ತು ಜೊತೆಗಾರರ ನಂತರದ ಸಂಶೋಧನೆ ಪ್ರಕಾರ, ಕೆಲಸ ಹೊಸದು ಮತ್ತು ಗೋಜಲಿನದು ಆಗಿದ್ದರೆ ಫಲಿತಾಂಶದ ಗುರಿಗಿಂತ ಕಲಿಕೆಯ ಗುರಿ ಒಳ್ಳೆಯದು. ಪ್ರಚಾರ ನಿಮಗೆ ಹೊಸ ಕೆಲಸ ತಾನೇ? ಹಾಗಾದರೆ ಮೊದಲ ಮೂರು ತಿಂಗಳ ಗುರಿ ‘ಪತ್ರಿಕೆಯಲ್ಲಿ ಬರಬೇಕು’ ಅಂತ ಬೇಡ. ‘ನಮ್ಮ ಕ್ಷೇತ್ರದ ಬಗ್ಗೆ ಬರೆಯುವ ಹತ್ತು ಜನ ಯಾರು, ಅವರು ಎಂಥ ಸುದ್ದಿ ತೆಗೆದುಕೊಳ್ಳುತ್ತಾರೆ, ನಾನು ಹೇಗೆ ಬರೆದರೆ ಉತ್ತರ ಬರುತ್ತದೆ, ಇಷ್ಟು ತಿಳಿದುಕೊಳ್ಳಬೇಕು’ ಅಂತಿರಲಿ. ಅದಕ್ಕೆ ವಾರಕ್ಕೆ ಎರಡು ಮೇಲ್, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆದದ್ದು. ಇದು ಪೂರ್ತಿ ನಿಮ್ಮ ಕೈಯಲ್ಲಿದೆ. ಉತ್ತರ ಬರದಿದ್ದರೂ ಆ ವಾರದ ಕೆಲಸ ಆಯಿತು.

ಈಗ ಮುಜುಗರ. ಅದು ಎಲ್ಲಿಂದ ಬರುತ್ತದೆ ಅಂತ ಮೇಲ್ ನೋಡಿದರೆ ಗೊತ್ತಾಗುತ್ತದೆ. ಹಳೆಯ ಲ್ಯಾಪ್‌ಟಾಪ್ ರಿಪೇರಿ ಮಾಡಿ ಮಾರುವವರೊಬ್ಬರು ಇದ್ದಾರೆ ಅಂದುಕೊಳ್ಳಿ. ಅವರ ಮೊದಲ ಸಾಲು: ‘ನಮ್ಮ ಸಂಸ್ಥೆ ಹೊಸ ವೆಬ್‌ಸೈಟ್ ಆರಂಭಿಸಿದ್ದು, ಗುಣಮಟ್ಟದ ಸೇವೆಗೆ ಹೆಸರಾಗಿದೆ.’ ಇದನ್ನು ಕಳಿಸೋಕೆ ಯಾರಿಗಾದರೂ ನಾಚಿಕೆ ಆಗಬೇಕಾದ್ದೇ! ಡೆಸ್ಕ್‌ನಲ್ಲಿ ಇದಕ್ಕೆ ಒಂದೇ ಜಾಗ, ಡಿಲೀಟ್. ಅದೇ ವ್ಯಕ್ತಿ ‘ಬ್ಯಾಟರಿ ಬದಲಾಯಿಸಿದರೆ ಸಾಕಿದ್ದ ಲ್ಯಾಪ್‌ಟಾಪನ್ನು ಜನ ಗುಜರಿಗೆ ಹಾಕುತ್ತಿದ್ದಾರೆ, ಎಸೆಯುವ ಮುಂಚೆ ಮನೆಯಲ್ಲೇ ನೋಡಬಹುದಾದ ಮೂರು ವಿಷಯ ಇವು’ ಅಂತ ಬರೆದರೆ? ಇದರಲ್ಲಿ ಹೊಗಳಿಕೆ ಎಲ್ಲಿದೆ? ಓದುಗರಿಗೆ ಉಪಯೋಗ, ವರದಿಗಾರರಿಗೆ ಸುದ್ದಿ. ಕಳಿಸುವ ಮುಂಚೆ ಮೇಲ್‌ನಲ್ಲಿ ‘ನಾವು’, ‘ನಮ್ಮ’ ಎಷ್ಟಿವೆ ಅಂತ ಒಮ್ಮೆ ಕಣ್ಣಾಡಿಸಿ. ಸುಮ್ನೆ ಹೇಳುತ್ತಿಲ್ಲ, ಅವು ಕಡಿಮೆಯಾದಷ್ಟೂ ಕೈ ಹಿಂದೇಟು ಹಾಕುವುದು ಕಡಿಮೆಯಾಗುತ್ತದೆ.

ಇಷ್ಟಾದ ಮೇಲೂ ‘ಎಲ್ಲರೂ ಏನಂದುಕೊಳ್ಳುತ್ತಾರೋ’ ಅನ್ನುವ ಅಳುಕು ಉಳಿದರೆ, ಮನಶ್ಶಾಸ್ತ್ರಜ್ಞ ಥಾಮಸ್ ಗಿಲೊವಿಚ್ ತಂಡ 2000ರಲ್ಲಿ ಪ್ರಕಟಿಸಿದ ಪ್ರಯೋಗ ನೆನಪಿಡಿ. ಹಾಕಿಕೊಳ್ಳೋಕೆ ನಾಚಿಕೆಯಾಗುವಂಥ ಟಿ-ಷರ್ಟ್ ಹಾಕಿಸಿ ವಿದ್ಯಾರ್ಥಿಗಳನ್ನು ಬೇರೆಯವರಿದ್ದ ಕೋಣೆಗೆ ಕಳಿಸಿದರು. ಹೆಚ್ಚುಕಡಿಮೆ ಅರ್ಧ ಜನ ಗಮನಿಸಿರುತ್ತಾರೆ ಅಂತ ಟಿ-ಷರ್ಟ್ ಹಾಕಿದವರ ಅಂದಾಜು. ನಿಜವಾಗಿ ಗಮನಿಸಿದ್ದು ಅದರ ಅರ್ಧದಷ್ಟು ಜನ. ಉದ್ಯಮಿಗಳ ತೊಂದರೆ ಸಾಮಾನ್ಯವಾಗಿ ಇದರ ಉಲ್ಟಾ: ಎಲ್ಲರೂ ನೋಡಿಬಿಟ್ಟರು ಅನ್ನುವುದಲ್ಲ, ಯಾರೂ ನೋಡಲಿಲ್ಲ ಅನ್ನುವುದು.

ಇನ್ನೊಂದು ಮಾತು, ‘ದೊಡ್ಡ ಪತ್ರಿಕೆ’ ಬಗ್ಗೆ. ಬಂದರೆ ಏನಾಗಬೇಕು? ಗಿರಾಕಿ ಫೋನ್ ಮಾಡಬೇಕಾ, ಹೂಡಿಕೆದಾರರು ನಂಬಬೇಕಾ, ಒಳ್ಳೆ ಕೆಲಸಗಾರರು ಸಿಗಬೇಕಾ? ಗಿರಾಕಿ ಬೇಕಿದ್ದರೆ ನಿಮ್ಮ ಕ್ಷೇತ್ರದವರೇ ಓದುವ ಸಣ್ಣ ನ್ಯೂಸ್‌ಲೆಟರ್ ಎಷ್ಟೋ ವಾಸಿ. ‘ಅಷ್ಟು ಜಾಗಕ್ಕೆ ಜಾಹೀರಾತು ಕೊಟ್ಟಿದ್ದರೆ ಇಷ್ಟು ಲಕ್ಷ ಆಗುತ್ತಿತ್ತು’ ಅಂತ ಲೆಕ್ಕ ಹಾಕುವವರಿದ್ದಾರೆ. ಪ್ರಚಾರದ ಫಲ ಅಳೆಯುವ ಕ್ಷೇತ್ರದವರೇ 2010ರಲ್ಲಿ ಒಪ್ಪಿಕೊಂಡ ‘ಬಾರ್ಸಿಲೋನಾ ತತ್ವ’ಗಳಲ್ಲಿ ಆ ಲೆಕ್ಕ ಪ್ರಚಾರದ ಬೆಲೆ ಅಲ್ಲ ಅಂತ ಹೇಳಿದ್ದಾರೆ. ಹೊಸ ಗಿರಾಕಿ ಬಂದಾಗ ‘ನಮ್ಮ ಬಗ್ಗೆ ಎಲ್ಲಿ ತಿಳಿಯಿತು?’ ಅಂತ ಕೇಳಿ ಬರೆದಿಡಿ, ಸಣ್ಣ ಉದ್ಯಮಕ್ಕೆ ಅಷ್ಟು ಅಳತೆ ಸಾಕು.

ಕಳಿಸಿದ ಮೇಲ್‌ಗೆ ಉತ್ತರ ಬರದಿದ್ದರೆ ನಾಲ್ಕೈದು ದಿನ ಬಿಟ್ಟು ಒಂದೇ ಒಂದು ಸಲ ನೆನಪಿಸಿ. ಆಗಲೂ ಬರದಿದ್ದರೆ ಆ ಸುದ್ದಿ ಅವರಿಗೆ ಬೇಡ ಅಂತ ಅರ್ಥ. ಬೇರೆ ಸುದ್ದಿ ಸಿಕ್ಕಾಗ ಅವರಿಗೇ ಮತ್ತೆ ಬರೆಯಬಹುದು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಅವರಾಗೇ ಫೋನ್ ಮಾಡಿ ಏನಾದರೂ ಕೇಳಿದರೆ ಅವತ್ತೇ ಉತ್ತರ ಕೊಡಿ. ನಾಳೆ ಅಂದರೆ ಅವರು ಇನ್ನೊಬ್ಬರನ್ನು ಕೇಳಿ ಮುಗಿಸಿರುತ್ತಾರೆ.